ಜೇಬಿಲ್ಲದ ನಿಲುವಂಗಿ

ನನ್ನ ಮಗಳಿಗೆ ದೇವರಲ್ಲಿ ನಂಬಿಕೆಯಿಲ್ಲ. ನನಗಿದೆ. ಒಂದೇ ಸೂರಿನಡಿ ಇಬ್ಬರೂ ಇಷ್ಟು ವರ್ಷ ಇದ್ದೇವೆ, ಸೂರೇನೂ ಕುಸಿದು ಬಿದ್ದಿಲ್ಲ. ಬೆಳಿಗ್ಗೆ ನಾನು ಕಣ್ಣು ಮುಚ್ಚಿ ಕೂತಾಗ ಅವಳು ಸದ್ದಾಗದ ಹಾಗೆ ಲೋಟ ಎತ್ತಿಡುತ್ತಾಳೆ. ಅವಳು ದೇವರ ಮೇಲೆ ಕೊಂಕು ಆಡಿದರೆ ನಾನು ಅವಳ ಬೆನ್ನಿಗೊಂದು ಗುದ್ದು ಹಾಕುತ್ತೇನೆ. ಅಲ್ಲಿಗೆ ಸರಿಹೋಗುತ್ತದೆ. ಸರಿಹೋಗದೆ ಒದ್ದಾಡಿದವರು ಹೊರಗಿನವರು.

ನಾನು ದರ್ಜಿ. ಕೆಳಗೆ ಅಂಗಡಿ, ಮೇಲೆ ಮನೆ. ಪ್ರಾರ್ಥನಾ ಮಂದಿರದ ಗುರುಗಳ ನಿಲುವಂಗಿಯನ್ನು ನಮ್ಮ ಅತ್ತೆಯ ಕಾಲದಿಂದಲೂ ನಮ್ಮ ಅಂಗಡಿಯಲ್ಲೇ ಹೊಲಿಯುತ್ತಿದ್ದೆವು. ಕತ್ತಿನಿಂದ ಪಾದದವರೆಗೆ ಒಂದೇ ಇಳಿಜಾರು, ಅಗಲ ತೋಳು, ಒಳಗೆ ನುಣುಪಾದ ಲೈನಿಂಗು. ಅದಕ್ಕೊಂದು ಕಟ್ಟುನಿಟ್ಟಿನ ನಿಯಮವಿದೆ. ಜೇಬು ಇರಕೂಡದು. ದೇವರ ಮುಂದೆ ನಿಲ್ಲುವವನ ಕೈ ಬರಿದಾಗಿರಬೇಕು, ಏನನ್ನೂ ಬಚ್ಚಿಟ್ಟುಕೊಳ್ಳಲು ಅವನಿಗೆ ಜಾಗವಿರಬಾರದು ಎಂದು. ಊರಿನ ಮಕ್ಕಳಿಗೂ ಇದು ಗೊತ್ತು.

ಊರಿಗೆ ಗೊತ್ತಿಲ್ಲದ್ದು ಇನ್ನೊಂದಿತ್ತು. ಈಗಿನ ಗುರುಗಳು ಪೀಠಕ್ಕೆ ಬಂದ ಹೊಸತರಲ್ಲಿ ಒಂದು ದಿನ ಅಂಗಡಿಗೆ ಬಂದು, ತಾವೇ ಬಾಗಿಲು ಮುಂದೆ ಮಾಡಿ, "ತಾಯಿ, ಪಾಠ ಓದುವಾಗ ಗಂಟಲು ಕಟ್ಟುತ್ತೆ. ನಾಕು ಪೆಪ್ಪರ್‌ಮಿಂಟು ಇಟ್ಕೊಳ್ಳೋಕೆ ಎಲ್ಲಾದ್ರೂ ಒಂಚೂರು ಜಾಗ ಮಾಡಿಕೊಡೋಕಾಗುತ್ತಾ?" ಎಂದು ಮೆಲ್ಲಗೆ ಕೇಳಿದ್ದರು. ಪಾಪ ಅನಿಸಿತು. ಎಡಗಂಕುಳ ಕೆಳಗೆ, ಲೈನಿಂಗಿನ ಒಳಗೆ, ಬೆರಳು ತೂರುವಷ್ಟು ಒಂದು ಜೇಬು ಇಟ್ಟುಕೊಟ್ಟೆ. ಆಮೇಲಿನ ಪ್ರತಿ ನಿಲುವಂಗಿಗೂ ಇಟ್ಟೆ. ಇದನ್ನು ನಾನು ಯಾರ ಹತ್ತಿರವೂ ಬಾಯಿ ಬಿಟ್ಟವಳಲ್ಲ. ನಮ್ಮ ಅತ್ತೆ ಕಲಿಸಿದ ಮೊದಲ ಪಾಠವೇ ಅದು, ಅಳತೆ ಅಂಗಡಿಯ ಹೊಸಿಲು ದಾಟಬಾರದು ಅಂತ. ಯಾರ ಹೆಗಲು ವಾಲಿದೆ, ಯಾರು ಒಳಗೆ ಹತ್ತಿ ತುಂಬಿಸಿಕೊಳ್ಳುತ್ತಾರೆ, ಯಾರ ಹೊಟ್ಟೆ ವರ್ಷಾವರ್ಷ ಮುಂದೆ ಬರುತ್ತಿದೆ, ಎಲ್ಲ ನನ್ನ ಟೇಪಿಗೆ ಗೊತ್ತು, ನನ್ನ ನಾಲಿಗೆಗೆ ಗೊತ್ತಿಲ್ಲ. ಈಗ ನಿಮ್ಮೆದುರು ಹೇಳುತ್ತಿದ್ದೇನಲ್ಲ ಅಂದರೆ, ಗುರುಗಳು ತಾವೇ ಅದನ್ನು ಊರಿಗೆ ಸಾರಿ ಆಗಿದೆ. ಹೇಗೆ ಎಂಬುದೇ ಈ ಕತೆ.

ಮಗಳು ನಾಟಕದವಳು. ನಾಕಾರು ಜನ ಸೇರಿ ನಗರಸಭೆಯ ಸಭಾಂಗಣದಲ್ಲಿ ತಿಂಗಳಿಗೊಂದು ಹೊಸ ಆಟ ಆಡುತ್ತಾರೆ. ಬರೆಯುವವಳೂ ಅವಳೇ, ಬಣ್ಣ ಹಚ್ಚುವವಳೂ ಅವಳೇ. ಆ ಸಲದ ಆಟದ ಹೆಸರು 'ದೇವರ ಕಚೇರಿ'. ಅದರಲ್ಲಿ ಗುರುವಿನ ಪಾತ್ರ ತನ್ನದು ಎಂದು ಅವಳು ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಮೊದಲ ಪ್ರದರ್ಶನದ ಮಧ್ಯಾಹ್ನ ಅಂಗಡಿ ಮುಚ್ಚಿ, ತಲೆಯ ಮೇಲೆ ಶಾಲು ಹೊದ್ದು, ಯಾರಿಗೂ ಕಾಣದ ಹಾಗೆ ಕೊನೆಯ ಸಾಲಿನಲ್ಲಿ ಹೋಗಿ ಕೂತೆ.

ತೆರೆ ಎದ್ದ ತಕ್ಷಣ ನನ್ನ ಕಣ್ಣು ಹೋದದ್ದು ತೋಳಿಗೆ. ನಿಲುವಂಗಿಯನ್ನು ಅವಳು ನನ್ನಿಂದ ಮುಚ್ಚಿಟ್ಟು ತಾನೇ ಹೊಲಿದುಕೊಂಡಿದ್ದಳು. ಕಂಕುಳಲ್ಲಿ ಬಟ್ಟೆ ಎಳೆದು ನೆರಿಗೆ ಬಿದ್ದಿತ್ತು, ಒಂದು ತೋಳು ಇನ್ನೊಂದಕ್ಕಿಂತ ಗಿಡ್ಡ. ದರ್ಜಿಯ ಮಗಳು! ದೇವರನ್ನು ಗೇಲಿ ಮಾಡುತ್ತಾಳೆ ಎಂಬುದಕ್ಕಿಂತ ಮೊದಲು ನನ್ನ ಮಾನ ಹೋದದ್ದು ಆ ತೋಳಿನಿಂದ.

ಆಮೇಲೆ ಅವಳು ಬಾಯಿ ತೆರೆದಳು. "ಭಕ್ತರೇ, ನೋಡಿ, ನನ್ನ ನಿಲುವಂಗಿಗೆ ಜೇಬಿಲ್ಲ!" ಎಂದು ಎರಡೂ ಕೈ ಅಗಲಿಸಿದಳು. ಅಗಲಿಸಿದ ತೋಳಿನಿಂದ ಒಂದು ಬಾಚಣಿಗೆ ಬಿತ್ತು. "ಇದು ನನ್ನದಲ್ಲ" ಅಂದಳು. ಬಾಚಣಿಗೆಯ ಹಿಂದೆ ಅಲಾರಂ ಗಡಿಯಾರ. ಅದರ ಹಿಂದೆ ಅರ್ಧ ತಿಂದ ಬನ್ನು, ಮಡಿಸಿದ ಛತ್ರಿ, ಕೂರುವ ದಿಂಬು. ಕೊನೆಗೆ ವೈರು ಜೋತಾಡುವ ಟೆಲಿಫೋನು. ಅದು ಗಣಗಣ ಎಂದಾಗ ಕಿವಿಗಿಟ್ಟುಕೊಂಡು, "ಯಾರು? ದೇವರಾ? ಆಮೇಲೆ ಮಾತಾಡ್ತೀನಿ, ಇಲ್ಲಿ ಜನ ಇದ್ದಾರೆ" ಎಂದು ಇಟ್ಟುಬಿಟ್ಟಳು. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಶಾಲಿನ ಅಂಚು ಬಾಯಿಗೆ ತುರುಕಿಕೊಂಡು ನಕ್ಕೆ, ಕಣ್ಣಲ್ಲಿ ನೀರು ಬಂತು. ನಗಬಾರದಿತ್ತೇನೋ. ನಗು ಕೇಳಿಕೊಂಡು ಬರುತ್ತದೆಯೇ?

ಮುಂದಿನ ದೃಶ್ಯ ದೇವರ ಕಚೇರಿ. ಮೇಜಿನ ಮೇಲೆ ಜನರ ಪ್ರಾರ್ಥನೆಗಳು ಕಂತೆ ಕಂತೆಯಾಗಿ ಬಿದ್ದಿವೆ. ಒಬ್ಬ ಗುಮಾಸ್ತ ಅವುಗಳ ಮೇಲೆ ಕಾಲಿಟ್ಟು ತೂಕಡಿಸುತ್ತಿದ್ದಾನೆ. ಒಬ್ಬ ವಿಧವೆ ಬಂದು, "ನಮ್ಮನೆಯವರಿಗೆ ಅಲ್ಲಿ ಚಳಿ ಆಗದೇ ಇರಲಿ ಅಂತ ದಿನಾ ಕೇಳ್ಕೊಳ್ತಾ ಇದ್ದೀನಿ, ತಲುಪಿದೆಯಾ?" ಎನ್ನುತ್ತಾಳೆ. ಗುಮಾಸ್ತ ಆಕಳಿಸಿ, "ಸ್ವೆಟರ್ ವಿಭಾಗ ಪಕ್ಕದ ಕೋಣೆ" ಎನ್ನುತ್ತಾನೆ.

ಜನ ಮತ್ತೆ ನಕ್ಕರು. ನನ್ನ ಎದೆಯೊಳಗೆ ಏನೋ ಹರಿದ ಹಾಗಾಯಿತು. ಆ ಮಾತು ನನ್ನದು. ನನ್ನ ಗಂಡ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದವರು, ಮಹಾ ಚಳಿಯ ಮನುಷ್ಯ, ಬೇಸಿಗೆಯಲ್ಲೂ ಸ್ವೆಟರು ಬಿಚ್ಚುತ್ತಿರಲಿಲ್ಲ. ಅವರು ಹೋದ ಮೇಲೆ ದಿನಾ ಬೆಳಿಗ್ಗೆ ನಾನು ಬೇಡಿಕೊಳ್ಳುವುದು ಅದೊಂದನ್ನೇ. ಲೋಟ ಎತ್ತಿಡುತ್ತ ಅವಳು ಕೇಳಿಸಿಕೊಂಡಿದ್ದಳು. ಆಟ ಮುಗಿಯುವ ಮೊದಲೇ ಎದ್ದು ಬಂದೆ.

ಸಂಜೆ ಅವಳು ಮುಖದ ಬಣ್ಣ ಪೂರ್ತಿ ಹೋಗದೆಯೇ ಮನೆಗೆ ಬಂದಳು. ನಾನು ಸೌಟು ಕುಕ್ಕಿದೆ.

"ನನ್ನ ಪ್ರಾರ್ಥನೆನ ಬೀದಿಗೆ ತಂದ್ಯಲ್ಲೇ. ನಿಮ್ಮಪ್ಪನ ಸ್ವೆಟರೂ ನಿನಗೆ ತಮಾಷೆ ಆಯ್ತಾ?"

ಅವಳು ಚೀಲ ಕೆಳಗಿಟ್ಟಳು. "ನೀನು ಬಂದಿದ್ಯಾ?"

"ಬಂದಿದ್ದೆ. ಹಾಳಾದ್ದು, ನಕ್ಕೂ ನಕ್ಕೆ. ಆಮೇಲೆ ಹೊಟ್ಟೆ ಉರೀತು."

ಅವಳು ನನ್ನ ಎದುರು ಕೂತಳು. "ಅಮ್ಮ, ನಾನು ಆ ಹೆಂಗಸನ್ನ ನೋಡಿ ನಗಲಿಲ್ಲ. ಅವಳ ಪ್ರಾರ್ಥನೆ ಮೇಲೆ ಕಾಲಿಟ್ಕೊಂಡು ನಿದ್ದೆ ಹೊಡೀತಾನಲ್ಲ, ಅವನನ್ನ ನೋಡಿ ನಕ್ಕಿದ್ದು. ನೀನು ಎಷ್ಟು ವರ್ಷದಿಂದ ಕೇಳ್ತಾ ಇದ್ದೀಯ. ಒಂದು ಉತ್ತರ ಬಂತಾ?"

"ಬರುತ್ತೋ ಬಿಡುತ್ತೋ, ಅದು ನನಗೂ ದೇವರಿಗೂ ಬಿಟ್ಟಿದ್ದು."

"ಇರಲಿ. ನನಗೆ ಸಿಟ್ಟು ಬಂತು, ನಾನು ಬರೆದೆ. ಅದನ್ನ ತೆಗೆಯಲ್ಲ ಅಮ್ಮ. ನಿನಗೆ ನೋವಾಗಿದ್ರೆ ಕ್ಷಮಿಸು, ಆದ್ರೆ ತೆಗೆಯಲ್ಲ."

ಹಠ ಯಾರದೆಂದು ಕೇಳಬೇಕೆ? ಆ ದಿನ ಇಬ್ಬರೂ ಮುಖ ಊದಿಸಿಕೊಂಡೇ ಉಂಡೆವು.

ಮರುದಿನ ಮಂದಿರದ ಕಾರ್ಯದರ್ಶಿ ಅಂಗಡಿಗೆ ಬಂದ. ಮಾತಿನಲ್ಲಿ ಬೆಣ್ಣೆ ಸವರುವ ಆಸಾಮಿ. ಅಳತೆ ಕೊಡುವಾಗ ಉಸಿರು ಹಿಡಿದುಕೊಳ್ಳುತ್ತಾನೆ ಎಂದು... ಬೇಡ, ಅದು ಹೊಸಿಲೊಳಗಿನ ಮಾತು. ಸ್ಟೂಲಿನ ಮೇಲೆ ಕೂತು, ನಾಟಕದ ಮೇಲೆ ಮಂದಿರದಿಂದ ನಗರಸಭೆಗೆ ದೂರು ಹೋಗಿದೆ, ಈ ವಾರ ವಿಚಾರಣೆ ಇದೆ ಎಂದ. ದೂರನ್ನು ಅವರು ಒಪ್ಪಿದರೆ ಸಭಾಂಗಣದ ಬಾಗಿಲು ಅವರ ತಂಡಕ್ಕೆ ಇನ್ನು ತೆರೆಯುವುದಿಲ್ಲ. ಊರಲ್ಲಿರುವುದು ಅದೊಂದೇ ಸಭಾಂಗಣ.

"ಅಕ್ಕಾ, ನಿಮ್ಮ ಮನಸ್ಸಿಗೂ ನೋವಾಗಿದೆ ತಾನೇ? ನೀವು ಮಧ್ಯದಲ್ಲೇ ಎದ್ದು ಹೋಗಿದ್ದನ್ನ ನೋಡಿದವರಿದ್ದಾರೆ. ಅಲ್ಲಿ ಬಂದು ಅಷ್ಟು ಹೇಳಿ, ಸಾಕು. ಹೆತ್ತ ತಾಯಿಗೇ ನೋವಾಗಿದೆ ಅಂದ್ಮೇಲೆ ಇನ್ಯಾರು ಬಾಯಿ ತೆಗೀತಾರೆ?"

"ಹೇಳದೇ ಇದ್ರೆ?"

"ಛೆ ಛೆ, ನಾವೇನು ಬಲವಂತ ಮಾಡ್ತೀವಾ? ಆದ್ರೆ ಗುರುಗಳ ನಿಲುವಂಗಿ ಅಂಥವರ ಮನೇಲಿ ಹೊಲಿಸಬೇಕಾ ಅಂತ ಮಂಡಳೀಲಿ ಕೆಲವರು ಕೇಳ್ತಾ ಇದ್ದಾರೆ ನೋಡಿ." ಎದ್ದು ಹೋಗುವಾಗ ನನ್ನ ಇಸ್ತ್ರಿಪೆಟ್ಟಿಗೆಯನ್ನು ಹೊಗಳಿದ.

ನನ್ನ ಸಂಕಟ ಏನೆಂದರೆ, ಅವನು ಸುಳ್ಳು ಹೇಳಿಸಲು ಬಂದಿರಲಿಲ್ಲ. ನನಗೆ ನೋವಾಗಿದ್ದು ನಿಜ. ಆಗಿಲ್ಲ ಎಂದು ಹೇಳಿದರೆ ನಾನು ನಂಬುವ ದೇವರ ಮುಂದೆಯೇ ಸುಳ್ಳುಗಾತಿ. ಆಗಿದೆ ಎಂದರೆ ಮಗಳ ಬಾಯಿಗೆ ನಾನೇ ಬೀಗ ಜಡಿದ ಹಾಗೆ. ಎರಡು ದಿನ ಮಿಷಿನ್ ತುಳಿಯುತ್ತ ಯೋಚಿಸಿದೆ. ಒಂದು ಕಾಲರನ್ನು ತಿರುವುಮುರುವು ಹೊಲಿದು ಬಿಚ್ಚಿದೆ. ಕೊನೆಗೆ ಮಗಳನ್ನೇ ಕೇಳಿದೆ, ನಾನು ಏನು ಹೇಳಲಿ ಎಂದು. ಅವಳು ಬಾಬಿನ್‌ಗೆ ದಾರ ಸುತ್ತುತ್ತಿದ್ದಳು. ಅಳುತ್ತಾಳೆ, ಕಾಲು ಹಿಡಿಯುತ್ತಾಳೆ ಅಂದುಕೊಂಡಿದ್ದೆ.

"ನಿನಗೆ ಅನಿಸಿದ್ದನ್ನ ಹೇಳಮ್ಮ," ಅಂದಳು. "ನನಗೆ ಅನಿಸಿದ್ದನ್ನ ನಾನು ಹೇಳಿದ್ದೀನಿ. ನಿನಗೆ ಹೇಳಬೇಡ ಅಂದ್ರೆ ನಾನು ಎಂಥ ನಾಟಕದವಳು?"

ಇವಳು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಾ ಅನಿಸಿತು. ಹೆಮ್ಮೆಯಿಂದಲೇ ಅನಿಸಿತು, ಯಾಕೆ ಮುಚ್ಚಿಡಲಿ.

ವಿಚಾರಣೆ ನಡೆದದ್ದು ನಗರಸಭೆಯ ಮಹಡಿಯ ಕೋಣೆಯಲ್ಲಿ. ಹಳೆ ಕಾಗದದ ವಾಸನೆ, ಕಿರುಗುಟ್ಟುವ ಫ್ಯಾನು, ಒಂದು ಕಾಲು ಕುಂಟುವ ಬೆಂಚು. ಅಧಿಕಾರಿ ಹೆಂಗಸು, ಕನ್ನಡಕವನ್ನು ದಾರ ಕಟ್ಟಿ ಕತ್ತಿಗೆ ನೇತುಹಾಕಿಕೊಂಡಿದ್ದರು. ನಾಟಕವನ್ನು ಅವರೂ ನೋಡಿದ್ದರಂತೆ. ಬಲಗಡೆ ಗುರುಗಳು, ನಾನೇ ಹೊಲಿದ ನಿಲುವಂಗಿಯಲ್ಲಿ, ಪಕ್ಕದಲ್ಲಿ ಕಾರ್ಯದರ್ಶಿ. ಎಡಗಡೆ ಮಗಳು ಮತ್ತವಳ ತಂಡ. ಹಿಂದೆ ನಿಲ್ಲಲು ಜಾಗವಿಲ್ಲದಷ್ಟು ಜನ. ನಾನು ಯಾವ ಕಡೆ ಕೂರಬೇಕೆಂದು ತಿಳಿಯದೆ ನಡುವೆ ನಿಂತೆ.

ಕಾರ್ಯದರ್ಶಿ ದೂರು ಓದಿದ. ಪವಿತ್ರ ವೇಷಕ್ಕೆ ಅಪಮಾನ, ಭಕ್ತರ ಮನಸ್ಸಿಗೆ ಘಾಸಿ. ಆಮೇಲೆ ನನ್ನತ್ತ ಕೈ ತೋರಿಸಿದ. ಅಧಿಕಾರಿ ಕನ್ನಡಕ ಏರಿಸಿ ಕೇಳಿದರು, "ನೀವು ನಂಬೋರು. ನಾಟಕ ಬರೆದವರ ತಾಯಿ ಕೂಡ. ನಿಮ್ಮ ಮನಸ್ಸಿಗೆ ನೋವಾಯ್ತಾ?"

"ಆಯ್ತು ಮೇಡಂ," ಅಂದೆ.

ಕಾರ್ಯದರ್ಶಿ ಬೆಂಚಿಗೆ ಒರಗಿಕೊಂಡ. ಮಗಳು ತಲೆ ತಗ್ಗಿಸಲಿಲ್ಲ.

"ಯಾವ ಜಾಗದಲ್ಲಿ ಅಂತಾನೂ ಹೇಳ್ತೀನಿ. ಆ ವಿಧವೆ ಬರ್ತಾಳಲ್ಲ, ಅಲ್ಲಿ. ಅದು ನನ್ನ ಮಾತು. ಮನೇಲಿ ಇವಳ ಜೊತೆ ಜಗಳ ಆಡಿದೆ, ಇನ್ನೂ ಆಡ್ತೀನಿ. ಆದ್ರೆ ಅದು ನನ್ನ ನೋವು ಮೇಡಂ. ಇವರಿಗೆ ಬಾಡಿಗೆಗೆ ಕೊಡೋಕೆ ಇಟ್ಕೊಂಡಿಲ್ಲ."

ಹಿಂದೆ ಗುಸುಗುಸು ಎದ್ದಿತು. ನನಗೆ ಬಾಯಿ ಬಂದಿತ್ತು, ಇನ್ನು ನಿಲ್ಲಿಸುವುದು ಕಷ್ಟ.

"ಗುರುಗಳು ವಾರವಾರ ಪೀಠದ ಮೇಲೆ ನಿಂತು, ನಂಬದವರು ಬುದ್ಧಿಗೇಡಿಗಳು, ಹೆತ್ತವರಿಗೆ ಕಳಂಕ ಅಂತಾರೆ. ನಾನು ಮೂರನೇ ಸಾಲಲ್ಲಿ ಕೂತಿರ್ತೀನಿ. ಅಂತಾ ಇರೋದು ನನ್ನ ಮಗಳನ್ನ. ಆಗ ನನಗೆ ಆಗಿರೋ ನೋವು ಇದಕ್ಕಿಂತ ದೊಡ್ಡದು. ಯಾವತ್ತಾದ್ರೂ ಈ ಮೆಟ್ಟಿಲು ಹತ್ತಿ ದೂರು ಕೊಟ್ಟಿದ್ದೀನಾ? ಅವರಿಗೆ ಅನಿಸಿದ್ದನ್ನ ಅವರು ಹೇಳಲಿ ಅಂತ ಸುಮ್ಮನಿದ್ದೆ. ಇವಳಿಗೆ ಅನಿಸಿದ್ದನ್ನ ಇವಳು ಹೇಳಲಿ. ಪೀಠಕ್ಕೊಂದು ನ್ಯಾಯ, ನಾಟಕಕ್ಕೊಂದು ನ್ಯಾಯ ಅಂದ್ರೆ ನಾನು ಒಪ್ಪಲ್ಲ."

ಅಧಿಕಾರಿ ಸ್ವಲ್ಪ ಹೊತ್ತು ಪೆನ್ನು ತಿರುಗಿಸಿದರು. "ಒಂದು ಕೆಲಸ ಮಾಡಬಹುದು," ಎಂದರು. "ನಿಮಗೆ ನೋವಾದ ಆ ದೃಶ್ಯಕ್ಕೆ ಮಾತ್ರ ಕತ್ತರಿ ಹಾಕೋಣ. ಉಳಿದದ್ದು ನಡೀಲಿ. ಎಲ್ಲರಿಗೂ ಸಮಾಧಾನ."

ಒಂದು ಗಳಿಗೆ ನನಗೂ ಆಸೆಯಾಯಿತು. ನನ್ನ ಮಾತು ನನ್ನ ಮನೆಗೆ ವಾಪಸು ಬರುತ್ತಿತ್ತು. ಮಗಳ ಕಡೆ ನೋಡಿದೆ. ಅವಳು ಉಸಿರು ಬಿಗಿಹಿಡಿದಿದ್ದಳು.

"ಬೇಡ ಮೇಡಂ," ಅಂದೆ. "ಕತ್ತರಿ ಹಿಡಿಯೋದು ನನ್ನ ಕಸುಬು. ಎಲ್ಲಿ ಹಾಕಬೇಕು ಅಂತ ಗೊತ್ತು. ಇವತ್ತು ನನಗೆ ನೋವಾಯ್ತು ಅಂತ ಒಂದು ತುಂಡು, ನಾಳೆ ಇನ್ನೊಬ್ಬರಿಗೆ ಅಂತ ಇನ್ನೊಂದು ತುಂಡು. ಕೊನೆಗೆ ಉಡೋಕೆ ಏನುಳಿಯುತ್ತೆ? ನನ್ನ ದೇವರು ಒಂದು ನಗೆಗೆ ಹರಿದುಹೋಗೋ ಅಷ್ಟು ಜಾಳಾಗಿಲ್ಲ. ಹರಿದ್ರೆ ಹೊಲ್ಕೊಳ್ಳೋಕೆ ನನಗೆ ಬರುತ್ತೆ."

ಯಾರೋ ಹಿಂದಿನಿಂದ ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿಯ ಬೆಣ್ಣೆ ಕರಗಿಹೋಯಿತು. "ಇವರೂ ಸೇರ್ಕೊಂಡಿದ್ದಾರೆ ಮೇಡಂ, ತಾಯಿ ಮಗಳು ಇಬ್ಬರದೂ ಒಂದೇ ಆಟ!" ಎಂದು ಕೂಗಿದ.

ಅಲ್ಲಿಯವರೆಗೆ ಬಾಯಿ ಬಿಡದೆ ಕೂತಿದ್ದ ಗುರುಗಳು ದಡಕ್ಕನೆ ಎದ್ದರು. ಅವರ ಕಿವಿ ಕೆಂಪಾಗಿತ್ತು. ನಿಜ ಹೇಳುತ್ತೇನೆ, ಅವರು ಕೆಟ್ಟವರಲ್ಲ, ನೊಂದಿದ್ದರು. "ಅದೆಲ್ಲ ಬಿಡಿ ತಾಯಿ! ನಿಮ್ಮನ್ನ ನಂಬಿದ್ದೆ. ಒಂದು ಮಾತು ಹೇಳಿ. ಕಂಕುಳ ಕೆಳಗಿನ ಜೇಬಿನ ವಿಷಯನ ಮಗಳಿಗೆ ಹೇಳಿದ್ದು ನೀವೇ ತಾನೇ?"

 ಅಧಿಕಾರಿ ಕನ್ನಡಕ ಇಳಿಸಿದರು.

"ಯಾವ ಜೇಬು?" ಎಂದರು. "ನಾಟಕದಲ್ಲಿ ಎಲ್ಲಾ ಬಿದ್ದಿದ್ದು ತೋಳಿನಿಂದಲ್ವಾ?"

ಗುರುಗಳ ಬಾಯಿ ತೆರೆದೇ ಉಳಿಯಿತು. ಒಂದು ಕೈ ತನ್ನಷ್ಟಕ್ಕೆ ಎಡಗಂಕುಳಿಗೆ ಹೋಗಿ ಮುಚ್ಚಿಕೊಂಡಿತು. ಇಡೀ ಕೋಣೆ ಆ ಕೈಯನ್ನೇ ನೋಡಿತು. ಕಾರ್ಯದರ್ಶಿಯೂ ನೋಡಿದ.

"ನಾನು ಹೇಳಿಲ್ಲ ಗುರುಗಳೇ," ಅಂದೆ, ಆದಷ್ಟು ಮೆತ್ತಗೆ. "ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದ್ದು ನೀವು."

ಮೊದಲು ನಕ್ಕದ್ದು ಅಧಿಕಾರಿ. ಕೆಮ್ಮಿನ ಹಾಗೆ ಮಾಡಲು ನೋಡಿದರು, ಆಗಲಿಲ್ಲ. ಆಮೇಲೆ ಕುಂಟು ಬೆಂಚು ಕೂಡ ಅಲುಗಾಡುವಷ್ಟು ನಗು. ಗುರುಗಳು ಕೂತುಬಿಟ್ಟರು. ದೂರನ್ನು ವಜಾ ಮಾಡಿದ್ದೇನೆ, ನಾಟಕ ಒಂದಕ್ಷರ ಬಿಡದೆ ನಡೆಯಲಿ, ನೋಡಲು ಇಷ್ಟವಿಲ್ಲದವರು ಮನೆಯಲ್ಲಿರಲಿ ಎಂದು ಅಧಿಕಾರಿ ಹೇಳಿದ್ದು ಅರ್ಧ ಜನಕ್ಕೆ ಕೇಳಿಸಲೇ ಇಲ್ಲ.

ನಿಲುವಂಗಿಯ ಕೆಲಸ ನಮ್ಮ ಕೈ ಬಿಟ್ಟುಹೋಯಿತು. ಮಂಡಳಿಯವರು ಅದನ್ನು ಬೇರೆ ಅಂಗಡಿಗೆ ಕೊಟ್ಟರು. ಅತ್ತೆಯ ಫೋಟೋ ಮುಂದೆ ನಿಂತು ಸ್ವಲ್ಪ ಅತ್ತುಕೊಂಡೆ, ಸುಳ್ಳು ಯಾಕೆ. ಮಂದಿರಕ್ಕೆ ಮಾತ್ರ ಬಿಡದೆ ಹೋದೆ. ಮೂರನೇ ಸಾಲು, ಅದೇ ಜಾಗ. ಪಕ್ಕದವಳು ಸರಿದು ಕೂತಳು. ಸರಿದರೆ ನನಗೇ ಗಾಳಿ ಜಾಸ್ತಿ.

ಒಂದು ದಿನ ಗುರುಗಳು ಹೊಸ ನಿಲುವಂಗಿಯಲ್ಲಿ ಬಂದರು. ಕಾಲರು ಕತ್ತಿಗೆ ಒತ್ತುತ್ತಿತ್ತು, ನಾನಾದರೆ ಹಾಗೆ ಬಿಡುತ್ತಿರಲಿಲ್ಲ. ಪಾಠದ ನಡುವೆ ಗಂಟಲು ಕಟ್ಟಿತು. ಕೈ ಅಭ್ಯಾಸದಂತೆ ಕಂಕುಳಿಗೆ ಹೋಯಿತು. ಅಲ್ಲಿ ಜೇಬಿರಲಿಲ್ಲ. ಕೆಮ್ಮಿದರು, ನೀರು ಕುಡಿದರು, ಮತ್ತೆ ಕೆಮ್ಮಿದರು. ನನ್ನ ಕೈಚೀಲದಲ್ಲಿ ಪೆಪ್ಪರ್‌ಮಿಂಟು ಇತ್ತು. ಮುಂದಿನ ಸಾಲಿನವರಿಗೆ ಕೊಟ್ಟೆ. ಅವರು ಅವರ ಮುಂದಿನವರಿಗೆ ಕೊಟ್ಟರು. ಅದು ಪೀಠ ತಲುಪಿದಾಗ ಗುರುಗಳು ಅದನ್ನು ನೋಡಿದರು, ನನ್ನನ್ನು ನೋಡಿದರು, ಎಲ್ಲರೆದುರು ಕಾಗದ ಬಿಚ್ಚಿ ಬಾಯಿಗೆ ಹಾಕಿಕೊಂಡರು. ಮಂದಿರದೊಳಗೆ ನಗು ಹರಡಿತು. ಒಂದು ಕ್ಷಣ ತಡೆದು ಅವರೂ ನಕ್ಕರು. ನನ್ನ ಜೀವಮಾನದಲ್ಲಿ ಆ ಗೋಡೆಗಳ ನಡುವೆ ನಗು ಕೇಳಿದ್ದು ಅದೇ ಮೊದಲು. ಛಾವಣಿ ಅಲ್ಲೇ ಇತ್ತು.

ಮನೆಗೆ ಬಂದು ಮಗಳಿಗೆ ಹೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ, "ಅಮ್ಮ, ಆ ಜೇಬು ನನಗೆ ಗೊತ್ತಿತ್ತು," ಅಂದಳು.

ನನ್ನ ಕೈಯ ಇಸ್ತ್ರಿಪೆಟ್ಟಿಗೆ ನಿಂತಿತು. "ಏನಂದೆ?"

"ಚಿಕ್ಕವಳಿದ್ದಾಗಿಂದ. ನಿಲುವಂಗಿ ರಿಪೇರಿಗೆ ಬಂದಾಗೆಲ್ಲ ಕೈ ಹಾಕಿ ಪೆಪ್ಪರ್‌ಮಿಂಟು ಕದ್ದು ತಿಂತಿದ್ದೆ. ಅಪ್ಪನಿಗೂ ಒಂದು ಕೊಡ್ತಿದ್ದೆ."

"ಅಯ್ಯೋ ಕಳ್ಳೀ! ಹಾಗಾದ್ರೆ ಗುರುಗಳು ಅಂದಿದ್ದು..."

"ಇರು, ಪೂರ್ತಿ ಕೇಳು. ನಾಟಕದಲ್ಲಿ ನಾನು ಏನೇನು ತೆಗೆದೆ? ಬಾಚಣಿಗೆ, ಗಡಿಯಾರ, ಬನ್ನು, ಛತ್ರಿ, ದಿಂಬು, ಫೋನು. ಪೆಪ್ಪರ್‌ಮಿಂಟು ತೆಗೆದೆನಾ? ತೆಗೆದಿದ್ರೆ ಎಲ್ಲಕ್ಕಿಂತ ಜೋರು ನಗು ಅದಕ್ಕೇ ಬರ್ತಿತ್ತು. ಪೀಠನ ನೋಡಿ ನಗ್ತೀನಿ ಅಮ್ಮ, ದೇವರನ್ನ ನೋಡಿಯೂ ನಗ್ತೀನಿ, ಯಾರಪ್ಪನ ಅಪ್ಪಣೆನೂ ಕೇಳಲ್ಲ. ಅಳತೆ ಮಾತ್ರ ಹೊಸಿಲು ದಾಟಿಸಲ್ಲ."

ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟೆ. ಗಂಟಲು ಕಟ್ಟಿತು, ಪೆಪ್ಪರ್‌ಮಿಂಟಿಗೆ ಬಗ್ಗುವ ಜಾತಿಯದಲ್ಲ. ನಮ್ಮ ಅತ್ತೆ ನನಗೆ ಕೊಟ್ಟದ್ದು ಇವಳಿಗೆ ನಾನು ಕೊಡದೆಯೇ ಸೇರಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು, "ಆ ದರಿದ್ರ ನಿಲುವಂಗಿ ಎಲ್ಲಿ? ತಗೊಂಡು ಬಾ" ಎಂದು ಗದರಿದೆ.

"ಯಾಕೆ?"

"ಗೇಲಿ ಮಾಡೋದಾದ್ರೆ ನೆಟ್ಟಗೆ ಹೊಲಿದ ಬಟ್ಟೆ ಹಾಕ್ಕೊಂಡು ಮಾಡು. ನನ್ನ ಮರ್ಯಾದೆ ತೆಗೀಬೇಡ."

ಎರಡೂ ತೋಳು ಬಿಚ್ಚಿದೆ. ಕಂಕುಳಿಗೆ ಒಂದು ಪಟ್ಟಿ ಕೊಟ್ಟು ಹೊಸದಾಗಿ ಕೂರಿಸಿದೆ. ಜೇಬು ಇಡಲಿಲ್ಲ.

ಮುಂದಿನ ಪ್ರದರ್ಶನಕ್ಕೆ ಶಾಲು ಮನೆಯಲ್ಲೇ ಬಿಟ್ಟು ಹೋಗಿ ಮೊದಲ ಸಾಲಿನಲ್ಲಿ ಕೂತೆ. ವಿಧವೆ ಬಂದಳು, ನನ್ನ ಮಾತು ಆಡಿದಳು, ಜನ ನಕ್ಕರು. ನನಗೆ ಮತ್ತೆ ನೋವಾಯಿತು, ನಾನು ನಗಲಿಲ್ಲ, ಎದ್ದೂ ಹೋಗಲಿಲ್ಲ. ಕೊನೆಗೆ ವಂದಿಸಲು ಮಗಳು ರಂಗದ ನಡುವೆ ಬಂದು ಕೈ ಅಗಲಿಸಿ ನಿಂತಾಗ ತೋಳು ಎಲ್ಲೂ ಎಳೆಯಲಿಲ್ಲ, ಒಂದು ನೆರಿಗೆ ಬೀಳಲಿಲ್ಲ. ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸು, "ಅಬ್ಬಾ, ಇವಳಿಗೆ ಎಷ್ಟು ಧೈರ್ಯ ನೋಡಿ!" ಎಂದು ನನ್ನ ಕಿವಿಯಲ್ಲಿ ಉಸುರಿದಳು.

"ಆ ನಿಲುವಂಗಿ ಹೊಲಿದದ್ದು ನಾನು," ಅಂದೆ. "ಅದರೊಳಗಿರೋಳೂ ನನ್ನ ಮಗಳೇ."